ಇವತ್ತು ಎಷ್ಟು ಕೆಂಪು ಚೀಲ

ನನ್ನ ಅಪ್ಪನ ಹಡಗಿನ ಕೆಲಸವನ್ನು ಕಳೆದವಳು ನನ್ನ ಅತ್ತೆ. ಅಪ್ಪನ ಒಡಹುಟ್ಟಿದ ಅಕ್ಕ. ಹಾಡಹಗಲಲ್ಲಿ, ಹತ್ತು ಜನರ ಎದುರು, ಬಾಯಿ ಬಿಟ್ಟು ಹೇಳಿ ಕಳೆದಳು. ನೆಂಟರು ಇವತ್ತಿಗೂ ಅವಳ ಮಾತು ಬಂದರೆ ಮೂಗು ಮುರಿಯುತ್ತಾರೆ. ಮುರಿಯಲಿ, ಯಾರು ಬೇಡ ಅಂದರು? ನಾನಂತೂ ಅವಳ ಕಥೆಯನ್ನು ತಲೆ ಎತ್ತಿಕೊಂಡೇ ಹೇಳುತ್ತೇನೆ.

ನಮ್ಮ ಬೀದಿಯಲ್ಲಿ ಅವಳಿಗೆ ಇಸ್ತ್ರಿಯಮ್ಮ ಎಂದೇ ಹೆಸರು. ಇಪ್ಪತ್ತೆರಡು ವರ್ಷ ಒಂದು ದೊಡ್ಡ ಪ್ರವಾಸಿ ಹಡಗಿನಲ್ಲಿ ಬಟ್ಟೆಗೆ ಇಸ್ತ್ರಿ ಹಾಕಿದವಳು. ಹಡಗಿನ ಮೇಲಂತಸ್ತಿನಲ್ಲಿ ಈಜುಕೊಳ, ಬ್ಯಾಂಡು, ಬಣ್ಣದ ದೀಪ. ಇವಳು ಕೆಲಸ ಮಾಡುತ್ತಿದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯೇ ಇಲ್ಲದ ಉದ್ದನೆಯ ಕೋಣೆಯಲ್ಲಿ. ಒಂದು ಗೋಡೆಗೆ ಒಗೆಯುವ ಯಂತ್ರಗಳು, ಇನ್ನೊಂದಕ್ಕೆ ಒಣಗಿಸುವ ಯಂತ್ರಗಳು, ನಡುವೆ ಹಬೆ ಕಾರುವ ಇಸ್ತ್ರಿ ಮೇಜು. "ಇಪ್ಪತ್ತೆರಡು ವರ್ಷ ಸಮುದ್ರದಲ್ಲೇ ಇದ್ದೆ ಕಣೇ, ಸಮುದ್ರ ಒಂದನ್ನ ಬಿಟ್ಟು ಬೇರೆಲ್ಲಾ ನೋಡ್ದೆ" ಎಂದು ನಗುತ್ತಿದ್ದಳು. ರಜೆಗೆ ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಯಾರ ಕಾಲರ್ ಮುದುರಿದ್ದರೂ ಸರಿ, "ಬಿಚ್ಚು, ಬಿಚ್ಚಿ ಕೊಡಿಲ್ಲಿ" ಎಂದು ಬೆನ್ನು ಹತ್ತುತ್ತಿದ್ದಳು. ಪೋಸ್ಟ್‌ಮ್ಯಾನ್ ಕೂಡ ನಮ್ಮ ಮನೆ ಬಾಗಿಲಿಗೆ ಬರುವಾಗ ಅಂಗಿ ಎಳೆದು ಸರಿಮಾಡಿಕೊಂಡೇ ಬರುತ್ತಿದ್ದ.

ಅಪ್ಪನನ್ನು ಆ ಹಡಗಿಗೆ ಸೇರಿಸಿದವಳೂ ಅವಳೇ. ಅಪ್ಪ ಅಲ್ಲಿ ಬ್ರೆಡ್ಡು ಸುಡುವವನು. ಹದಿನಾಲ್ಕು ವರ್ಷ ಒಲೆಯ ಮುಂದೆ ನಿಂತು ಬೆರಳ ತುದಿಗಳೆಲ್ಲ ಮರಗಟ್ಟಿ ಹೋಗಿದ್ದವು. ಕಾದ ತಟ್ಟೆಯನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದ, ಆದರೆ ಅಂಗಿಯ ಕಾಲರ್ ಗುಂಡಿ ಹಾಕಿಕೊಳ್ಳಲು ಮಾತ್ರ ಅವನ ಕೈಯಲ್ಲಿ ಆಗುತ್ತಿರಲಿಲ್ಲ. ಹಡಗಿನಲ್ಲಿ ಅತ್ತೆ ಹಾಕಿಕೊಡುತ್ತಿದ್ದಳು, ಮನೆಯಲ್ಲಿ ಅಮ್ಮ. ಈ ಗುಂಡಿಯ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಡಗಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಕೋಣೆಯಲ್ಲಿ ಯಾರಿಗೆ ಕಾಯಿಲೆಯಾದರೂ ಆ ಕೋಣೆಯ ಹಾಸಿಗೆ ಬಟ್ಟೆ ಕೆಂಪು ಚೀಲದಲ್ಲಿ ಕೆಳಗಿಳಿಯುತ್ತಿತ್ತು. ಅದನ್ನು ಯಾರೂ ಕೈ ಹಾಕಿ ಬಿಚ್ಚುವಂತಿಲ್ಲ, ಚೀಲದ ಸಮೇತ ಕುದಿನೀರಿನ ಯಂತ್ರಕ್ಕೆ ಹಾಕಬೇಕು. ಮಾಮೂಲಿ ದಿನದಲ್ಲಿ ಅಂಥದ್ದು ಒಂದೋ ಎರಡೋ. ಹಾಗಾಗಿ ಹಡಗಿನ ಆರೋಗ್ಯ ಕ್ಯಾಪ್ಟನ್ನಿಗಿಂತ ಮೊದಲು ಬಟ್ಟೆ ಒಗೆಯುವವರಿಗೆ ಗೊತ್ತಾಗುತ್ತಿತ್ತು. ಮಹಾಮಾರಿ ಬಂದ ವರ್ಷ ಒಂದು ಸೋಮವಾರ ಐದು ಕೆಂಪು ಚೀಲ ಬಂದವು. ಮಂಗಳವಾರ ಹನ್ನೊಂದು. ಬುಧವಾರ ಇಪ್ಪತ್ತಾರು. ಅದೇ ಬುಧವಾರ ಮೇಲೆ ಧ್ವನಿವರ್ಧಕದಲ್ಲಿ ನೃತ್ಯ ಸ್ಪರ್ಧೆಗೆ ಎಲ್ಲರನ್ನೂ ಕರೆಯುತ್ತಿದ್ದರು.

ಅತ್ತೆ ಓಡಿಹೋಗಿ ಮೇಲ್ವಿಚಾರಕನಿಗೆ ಹೇಳಿದಳು. "ನಿನ್ನ ಕೆಲಸ ಇಸ್ತ್ರಿ ಹಾಕೋದು, ಎಣಿಸೋದಲ್ಲ. ಬಾಯಿ ಮುಚ್ಕೊಂಡಿರು" ಎಂದ ಅವನು. ಅತ್ತೆ ಬಾಯಿ ಮುಚ್ಚಿಕೊಂಡಳು. ತನ್ನ ತಮ್ಮನಿಗೂ ಹೇಳಲಿಲ್ಲ. ಐದು ದಿನ ಕಳೆದ ಮೇಲೆ ಹಡಗಿನಲ್ಲಿ ರೋಗವಿದೆ ಎಂದು ಮೇಲಿನವರು ಒಪ್ಪಿಕೊಂಡರು.

ಅಷ್ಟರಲ್ಲಿ ಗುಂಡಿಯಕ್ಕನಿಗೆ ಜ್ವರ ಏರಿತ್ತು. ಗುಂಡಿಯಕ್ಕ ಎಂದರೆ ಅತ್ತೆಯ ಕೋಣೆಯ ಗೆಳತಿ, ಮೇಲಿನ ಮಂಚ ಅತ್ತೆಯದು, ಕೆಳಗಿನದು ಅವಳದು. ಸಿಬ್ಬಂದಿಯ ಸಮವಸ್ತ್ರದ ಕಿತ್ತುಹೋದ ಗುಂಡಿ ಹೊಲಿಯುವುದು ಅವಳ ಕೆಲಸ. ಆ ಐದೂ ದಿನ ಅವಳು ಕೋಣೆ ಕೋಣೆಗೆ ಹೋಗಿ ಅಂಗಿ ಕೇಳಿ ತಂದಿದ್ದಳು. ಯಾವುದೋ ಬಂದರಿನಲ್ಲಿ ಅವಳನ್ನು ಸ್ಟ್ರೆಚರಿನ ಮೇಲೆ ಇಳಿಸಿದರು. ಅವಳು ತಿರುಗಿ ಬರಲಿಲ್ಲ. ಬೇರೆ ಯಾವ ಬಂದರಿನವರೂ ಹಡಗನ್ನು ಹತ್ತಿರ ಸೇರಿಸದೆ ನಲವತ್ತು ದಿನ ನೀರಿನ ನಡುವೆ ನಿಂತು, ಕೊನೆಗೆ ಅಪ್ಪನೂ ಅತ್ತೆಯೂ ಮನೆಗೆ ಬಂದರು. ಅತ್ತೆಯ ಪೆಟ್ಟಿಗೆಯಲ್ಲಿ ಗುಂಡಿಯಕ್ಕನ ಸೂಜಿ ದಾರದ ಡಬ್ಬಿ ಇತ್ತು. "ಐದು ದಿನ ಕಣೇ. ಐದು ದಿನ ನಾನು ಕಲ್ಲಿನ ಹಾಗೆ ನಿಂತಿದ್ದೆ" ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಂದು ವರ್ಷದ ಮೇಲೆ ಲಸಿಕೆ ಬಂತು. ಅದರ ಹಿಂದೆಯೇ ಕಂಪನಿಯ ಪತ್ರವೂ ಬಂತು: ಹಡಗು ಮತ್ತೆ ಹೊರಡುತ್ತದೆ, ಎರಡು ಡೋಸ್ ಹಾಕಿಸಿಕೊಂಡ ಕಾರ್ಡು ತೋರಿಸಿದವರಿಗೆ ಮಾತ್ರ ಕೆಲಸ. ಅಂದಿನಿಂದ ನಮ್ಮ ಮನೆ ಸಂತೆಯಾಯಿತು.

ಅಮ್ಮನಿಗೆ ಸೂಜಿಯೂ ಬೇಡ, ಹಡಗೂ ಬೇಡ. "ಅತ್ತಿಗೆ, ನಿಮಗೇನು ತಲೆ ಕೆಟ್ಟಿದೆಯಾ? ಒಂದು ಸಲ ಬದುಕಿ ಬಂದದ್ದು ಸಾಲ್ದಾ?" ಮೇಲಿನ ಮನೆಯ ನಿವೃತ್ತ ಮೇಷ್ಟ್ರಿಗೆ ಸೂಜಿ ಬೇಕು, ಹಡಗು ಬೇಡ. ಮೆಟ್ಟಿಲ ಮೇಲೆ ನಿಂತೇ ಪಾಠ ಶುರು ಮಾಡುತ್ತಿದ್ದರು. "ನೋಡಿ ತಾಯಿ, ಊರೆಲ್ಲ ಉಸಿರಿಗೆ ಒದ್ದಾಡ್ತಿರುವಾಗ ಮೋಜಿನ ಹಡಗು ಬಿಡೋದೇ ತಪ್ಪು. ಮೂರು ಸಾವಿರ ಜನರನ್ನ ಒಂದು ಡಬ್ಬಿಗೆ ತುಂಬಿ ತೇಲಿಬಿಡೋದಾ?" ಅತ್ತೆಗೆ ಸೂಜಿಯೂ ಬೇಕು, ಹಡಗೂ ಬೇಕು. "ಮೇಷ್ಟ್ರೇ, ಹತ್ತೋ ಜನ ಹತ್ತೇ ಹತ್ತುತ್ತಾರೆ. ಅವರ ಹಾಸಿಗೆ ಬಟ್ಟೆ ಯಾರಾದ್ರೂ ಒಗೀಲೇಬೇಕಲ್ಲ. ಎಣಿಸೋಕೆ ಬರೋಳೇ ಇರ್ಲಿ ಬಿಡಿ ಅಲ್ಲಿ." ಅಪ್ಪನಿಗೆ ಹಡಗು ಬೇಕು, ಸೂಜಿ ಬೇಡ. ಸುತರಾಂ ಬೇಡ.

ಔಷಧಿ ಅಂಗಡಿಯಲ್ಲಿ ನಿಲ್ಲುವ ನಾನು ಆಗಲೇ ಸೂಜಿ ಹಾಕಿಸಿಕೊಂಡಿದ್ದೆ. ಅಪ್ಪನ ಹತ್ತಿರ ಹೋಗಿ ಬುದ್ಧಿ ಹೇಳಿದೆ. ಅವನು ತಿರುಗಿ ನನ್ನನ್ನೇ ಕೇಳಿದ. "ಐದು ದಿನ ಎಲ್ಲಾ ಚೆನ್ನಾಗಿದೆ ಚೆನ್ನಾಗಿದೆ ಅಂತ ನಮ್ಮ ಕಿವಿ ಮೇಲೆ ಹೂ ಇಟ್ರಲ್ಲ, ಅದೇ ಬಾಯಿ ಈಗ ಸೂಜಿ ಹಾಕಿಸ್ಕೋ ಅಂತಿದೆ. ನಾನ್ಯಾಕೆ ನಂಬ್ಲಿ ಹೇಳು?"

ಆದರೂ ಒಂದು ದಿನ ಬೆಳಿಗ್ಗೆ ಅಪ್ಪ ತಾನೇ ಹೊರಟು ನಿಂತ. ಅತ್ತೆಗೂ ನನಗೂ ಹೋದ ಜೀವ ಬಂದಂತಾಯಿತು. ಅತ್ತೆ ಖುಷಿಯಿಂದ ಅವನ ಬಿಳಿ ತುಂಬುತೋಳಿನ ಅಂಗಿಗೆ ಗಂಜಿ ಹಾಕಿ, ಭುಜದಿಂದ ಮಣಿಕಟ್ಟಿನವರೆಗೆ ಚೂರಿಯಂಥ ಗೆರೆ ಎಳೆದು ಕೊಟ್ಟಳು. ಅಮ್ಮ ಕಾಲರ್ ಗುಂಡಿ ಹಾಕಿ ಕಳಿಸಿದಳು. ಮಧ್ಯಾಹ್ನ ಬಂದವನೇ ಕಾರ್ಡನ್ನು ಮೇಜಿನ ಮೇಲೆ ಎಸೆದ. "ಆಯ್ತಪ್ಪಾ, ಮೊದಲನೇದು ಯಾವಾಗಲೋ ಹಾಕಿಸ್ಕೊಂಡಿದ್ದೆ, ನಿಮಗೆ ಹೇಳಿರ್ಲಿಲ್ಲ. ಇವತ್ತು ಎರಡನೇದೂ ಮುಗೀತು. ಇನ್ನಾದ್ರೂ ನನ್ನ ತಲೆ ತಿನ್ನಬೇಡಿ."

ನಾವೆಲ್ಲ ಕಾರ್ಡು ನೋಡಿದೆವು. ಅತ್ತೆ ನೋಡಿದ್ದು ಅಂಗಿಯನ್ನು.

"ಯಾವ ಕೈಗೆ ಹಾಕಿದ್ರು?"

"ಎಡಗೈಗೆ."

ಅತ್ತೆ ಅವನ ಎಡಗೈ ಹಿಡಿದು ತೋಳಿನ ಗೆರೆಯ ಮೇಲೆ ಹೆಬ್ಬೆರಳು ಓಡಿಸಿದಳು. "ಇದು ಬೆಳಿಗ್ಗೆ ನಾನು ಎಳೆದ ಗೆರೆ. ಗಂಜಿ ಹಾಕಿದ ತೋಳನ್ನ ಒಂದು ಸಲ ಮೇಲಕ್ಕೆ ಮಡಚಿದ್ರೆ ಜಪ್ಪಯ್ಯ ಅಂದ್ರೂ ಮತ್ತೆ ಹೀಗೆ ನಿಲ್ಲಲ್ಲ. ಒಂದೇ ಒಂದು ಸುಕ್ಕಿಲ್ಲ ಇಲ್ಲಿ."

"ಅಂಗಿ ಬಿಚ್ಚಿದ್ದೆ."

"ಹೌದಾ? ಹಾಗಾದ್ರೆ ಕಾಲರ್ ಗುಂಡಿ ಮತ್ತೆ ಯಾರಪ್ಪಾ ಹಾಕ್ಕೊಟ್ಟಿದ್ದು?"

ಅಮ್ಮ ಅಪ್ಪನ ಕತ್ತನ್ನು ನೋಡಿದಳು. ಅವಳೇ ಹಾಕಿದ ಗುಂಡಿ ಹಾಕಿದ ಹಾಗೇ ಇತ್ತು. ಎಲ್ಲರಿಗೂ ಚಳ್ಳೆಹಣ್ಣು ತಿನ್ನಿಸಿದವನು ತನ್ನ ಕಾಲರನ್ನೇ ಮರೆತಿದ್ದ. ಆ ಕಾರ್ಡು ಎಲ್ಲಿಂದ ಬಂತು ಎಂದು ಅಪ್ಪ ಇವತ್ತಿಗೂ ಬಾಯಿ ಬಿಟ್ಟಿಲ್ಲ.

"ನಿನ್ನ ಮೈ, ನಿನ್ನ ಇಷ್ಟ. ಬೇಡ ಅಂದ್ರೆ ಹಾಕಿಸ್ಕೋಬೇಡ, ಮನೇಲಿರು" ಎಂದಳು ಅತ್ತೆ. "ಕಂಪನೀನ ನಂಬು ಅಂತ ನಾನು ಹೇಳಲ್ಲ. ನಾನೂ ನಂಬಲ್ಲ. ಆದ್ರೆ ಸುಳ್ಳು ಕಾರ್ಡು ಹಿಡ್ಕೊಂಡು ಆರು ಜನ ಒಟ್ಟಿಗೆ ಮಲಗೋ ಕೋಣೆಗೆ ಕಾಲಿಡಬೇಡ. ಉಳಿದವರಿಗೆ ಏನಂತ ಹೇಳ್ತೀಯ?"

ಅಪ್ಪನ ಮುಖ ಕೆಂಪಾಯಿತು. "ಆಗ ಐದು ದಿನ ಬಾಯಿ ಮುಚ್ಕೊಂಡಿದ್ದೆ ಅಲ್ವಾ ಅಕ್ಕ? ನನಗೂ ಹೇಳ್ಲಿಲ್ಲ ಅಲ್ವಾ? ಈಗಲೂ ಮುಚ್ಕೊಂಡಿರು."

ಆ ಮಾತಿಗೆ ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಕಾರ್ಡನ್ನು ಅಲ್ಲೇ ಹರಿದು ಹಾಕಬೇಕು ಎನಿಸಿತು. ಹರಿಯಲಿಲ್ಲ. ಅಪ್ಪನ ಕೆಲಸ ಹೋದರೆ ಮನೆ ಗತಿ ಏನು ಎಂಬ ಭಯ ನನಗೂ ಇತ್ತು.

"ಆಗ ಮುಚ್ಕೊಂಡಿದ್ದಕ್ಕೇ ಈಗ ಮುಚ್ಚಲ್ಲ ಕಣೋ" ಎಂದಳು ಅತ್ತೆ. "ಗುರುವಾರ ಕಂಪನಿ ಆಫೀಸಲ್ಲಿ ಆ ಕಾರ್ಡು ನೀನು ಮುಂದಿಟ್ರೆ ನಾನು ಹೇಳ್ತೀನಿ. ಹೇಳೇ ಹೇಳ್ತೀನಿ. ಆಮೇಲೆ ಅಕ್ಕ ಬೆನ್ನಿಗೆ ಚೂರಿ ಹಾಕಿದ್ಲು ಅನ್ನಬೇಡ, ಎದುರಿಗೇ ಹೇಳ್ತಿದ್ದೀನಿ."

ಸ್ವಂತ ಅಕ್ಕ ಅಷ್ಟು ದೂರ ಹೋಗಲಾರಳು ಎಂದು ಅಪ್ಪನ ನಂಬಿಕೆ. ನಿಜ ಹೇಳಬೇಕೆಂದರೆ ನನ್ನದೂ ಅದೇ ನಂಬಿಕೆ.

ಗುರುವಾರ ಪತ್ರಗಳನ್ನು ಹಿಡಿದು ಅಪ್ಪ, ಅತ್ತೆ, ನಾನು ಮೂವರೂ ಹೋದೆವು. ಎರಡನೇ ಮಹಡಿಯಲ್ಲಿ ಆಫೀಸು. ಒಂದು ಬಿಟ್ಟು ಒಂದು ಕುರ್ಚಿಗೆ ಅಡ್ಡಡ್ಡ ಟೇಪು ಅಂಟಿಸಿದ್ದರು. ಗಾಜಿನ ಹಿಂದೆ ಒಬ್ಬಳು ಅಧಿಕಾರಿ, ಗಾಜಿನ ಕೆಳಗೆ ಕಾಗದ ತಳ್ಳುವಷ್ಟು ಕಿಂಡಿ. ಸಾಲಿನಲ್ಲಿ ಅಡುಗೆಯವರು, ನೆಲ ಒರೆಸುವವರು, ಬಡಿಸುವವರು. ಅಪ್ಪನ ಸರದಿ ಬಂತು. ಅವನು ಒಮ್ಮೆ ಹಿಂದೆ ತಿರುಗಿ ಅಕ್ಕನನ್ನು ನೋಡಿ, ಕಾರ್ಡನ್ನು ಕಿಂಡಿಯೊಳಗೆ ತಳ್ಳಿದ. ನಾನು ಅತ್ತೆಯ ಕೈ ಹಿಡಿದೆಳೆದು "ಬೇಡ ಅತ್ತೆ, ನಿನ್ನ ಕಾಲಿಗೆ ಬೀಳ್ತೀನಿ, ಬೇಡ" ಎಂದೆ. ಹೌದು, ನಾನೇ ಅಂದೆ. ಅವಳು ಕೈ ಬಿಡಿಸಿಕೊಂಡಳು.

"ಮೇಡಂ, ಆ ಕಾರ್ಡು ಸುಳ್ಳು. ಇವನು ಸೂಜಿ ಹಾಕಿಸ್ಕೊಂಡಿಲ್ಲ. ನಾನು ಇವನ ಅಕ್ಕ."

ಸಾಲಿನವರೆಲ್ಲ ತಿರುಗಿ ನೋಡಿದರು. ಅಧಿಕಾರಿ ಕಾರ್ಡಿನ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಎರಡು ಸಲ ಹುಡುಕಿದಳು, ಸಿಗಲಿಲ್ಲ. ಅಪ್ಪನ ಪತ್ರಗಳನ್ನೆಲ್ಲ ಕಿಂಡಿಯಿಂದ ವಾಪಸು ತಳ್ಳಿದಳು. ಅಪ್ಪ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ. ಸಾಲಿನಲ್ಲಿದ್ದ ಒಬ್ಬ ಅಡುಗೆಯವನು "ಥೂ, ಇವಳೂ ಒಬ್ಬ ಅಕ್ಕ!" ಎಂದ. ಅತ್ತೆ ತಿರುಗಿ, "ಹೂಂ ಕಣಪ್ಪ, ಅಕ್ಕನೇ. ನೀನು ಮಲಗ್ಬೇಕಿದ್ದದ್ದು ಅವನ ಪಕ್ಕದ ಮಂಚದಲ್ಲಿ, ಗೊತ್ತಿರ್ಲಿ" ಎಂದಳು.

ಅತ್ತೆಯ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ತನ್ನ ಕಾರ್ಡು ಮುಂದಿಟ್ಟು, "ನಂದೊಂದು ಮಾತಿದೆ, ಬರ್ಕೊಳ್ಳಿ" ಎಂದಳು. "ನಾವೆಲ್ಲ ಸೂಜಿ ಹಾಕಿಸ್ಕೊಂಡು ಬರಬೇಕು, ಸರಿ. ನೀವೇನು ಮಾಡ್ತೀರಿ? ದಿನಾ ಎಷ್ಟು ಕೆಂಪು ಚೀಲ ಇಳೀತು ಅಂತ ಅವತ್ತೇ ಹಡಗಿನವರಿಗೆಲ್ಲ ಹೇಳ್ತೀವಿ ಅಂತ ಬರೆದುಕೊಡಿ."

"ಅಂಥ ನಿಯಮ ಇಲ್ಲಮ್ಮ."

"ಇಲ್ಲದಿದ್ರೆ ಮಾಡಿ. ಸುಳ್ಳು ಹೇಳಿದ್ದಕ್ಕೆ ನನ್ನ ತಮ್ಮ ಮನೆಗೆ ಹೋದ. ಐದು ದಿನ ಸುಳ್ಳು ಹೇಳಿದ ನಿಮ್ಮವರು ಯಾರು ಮನೆಗೆ ಹೋದ್ರು?"

ಅಧಿಕಾರಿ ಪೆನ್ನು ಕೆಳಗಿಟ್ಟಳು. "ಇದೆಲ್ಲ ನನ್ನ ಕೈಲಿಲ್ಲ. ಬರೆದುಕೊಡೋಕೆ ಆಗಲ್ಲ."

"ಬೇಡ ಬಿಡಿ. ನಾನೇ ಬರೀತೀನಿ, ಅಲ್ಲಿಗೆ ಹೋಗಿ ಬರೀತೀನಿ. ಬೇಕಾದ್ರೆ ಕೆಲಸಕ್ಕೆ ತಗೊಳ್ಳಿ, ಬೇಡ ಅಂದ್ರೆ ಬಿಡಿ."

ಅವಳನ್ನೂ ಬಿಡುತ್ತಾರೆ ಎಂದುಕೊಂಡೆ. ಆದರೆ ಇಪ್ಪತ್ತೆರಡು ವರ್ಷ ಹಬೆಯಲ್ಲಿ ನಿಂತ ಕೈ ಇನ್ನೊಂದು ಎಲ್ಲಿ ಸಿಗಬೇಕು? ಮುದ್ರೆ ಒತ್ತಿ ಕಳಿಸಿದರು. ಮರುದಿನ ಅವಳು ಮನೆ ಬಿಡುವಾಗ ಅಪ್ಪ ಹಿತ್ತಲ ಬಾಗಿಲಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ. ಅವಳು ಅವನ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿ ಜೋಡಿಸಿಟ್ಟು ಹೋದಳು. ಅವುಗಳನ್ನು ಅವನು ತಿಂಗಳುಗಟ್ಟಲೆ ಮುಟ್ಟಲಿಲ್ಲ.

ಅಪ್ಪ ಬೀದಿಯ ಕೊನೆಯ ಬೇಕರಿಯಲ್ಲಿ ಬ್ರೆಡ್ಡು ಸುಡಲು ಸೇರಿಕೊಂಡ. ಸೂಜಿ ಹಾಕಿಸಿಕೊಂಡನೇ ಎಂದರೆ ಇಲ್ಲ, ಇಂದಿಗೂ ಇಲ್ಲ. ಹಟ ನಮ್ಮ ಮನೆತನದ ರಕ್ತದಲ್ಲೇ ಇರಬೇಕು.

ಹಡಗು ಹೊರಟ ಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆಯ ಫೋನು ಬಂತು. ಅಮ್ಮ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. "ಇವತ್ತು ಎರಡು. ಬಟ್ಟೆ ಕೋಣೆ ಬಾಗಿಲ ಮೇಲೆ ಬರೆದಿದ್ದೀನಿ. ಅವನಿಗೆ ಹೇಳು." ಅಷ್ಟೇ, ಫೋನು ಇಟ್ಟಳು. ಬಟ್ಟೆಗೆ ಗುರುತು ಹಾಕುವ ಕಪ್ಪು ಪೆನ್ನಿನಲ್ಲಿ, ಓಡಾಡುವವರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದಳಂತೆ. ಅಂದಿನಿಂದ ದಿನವೂ ಅದೇ. ಇವತ್ತು ಒಂದು. ಇವತ್ತು ಮೂರು. ಇವತ್ತು ಬರೆದದ್ದನ್ನ ಯಾರೋ ಒರೆಸಿದ್ರು, ಮತ್ತೆ ಬರೆದೆ. ಅಪ್ಪ ಫೋನು ಮುಟ್ಟುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಬೇಕರಿಯಿಂದ ಮನೆಗೆ ಬರುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಐದನೇ ತಿಂಗಳಲ್ಲಿ ಒಂದು ದಿನ ಫೋನು ತಡವಾಯಿತು. ಅಪ್ಪ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕುಳಿತಿದ್ದ. ಕೊನೆಗೆ ಫೋನು ರಿಂಗಣಿಸಿತು.

"ಇವತ್ತು ಹದಿನಾಲ್ಕು" ಎಂದಳು ಅತ್ತೆ. "ಬರೆದೆ. ಮೇಲ್ವಿಚಾರಕ ಬಂದು ಒರೆಸಿದ. ಪೆನ್ನೂ ಕಿತ್ಕೊಂಡು ಹೋದ. ಮುಂದಿನ ಬಂದರಲ್ಲಿ ಇಳಿಸಿಬಿಡ್ತೀನಿ ಅಂದ."

ಅಪ್ಪ ಎದ್ದು ಬಂದು ಅಮ್ಮನ ಕೈಯಿಂದ ಫೋನು ತೆಗೆದುಕೊಂಡ.

"ಅಕ್ಕಾ."

"ಗುಂಡಿಯಕ್ಕನ ಡಬ್ಬಿ ಇದೆಯಲ್ಲ ನಿನ್ನ ಹತ್ರ?"

"ಇದೆ ಕಣೋ."

"ಒಂದು ಬಿಳಿ ಹಾಸಿಗೆ ಬಟ್ಟೆ ತಗೋ. ಕಪ್ಪು ದಾರದಲ್ಲಿ ದೊಡ್ಡದಾಗಿ ಹೊಲಿ, ಹದಿನಾಲ್ಕು ಅಂತ. ಊಟದ ಕೋಣೆ ಬಾಗಿಲಿಗೆ ನೇತುಹಾಕು. ಅದನ್ನ ಅವನು ಹೇಗೆ ಒರೆಸ್ತಾನೋ ನೋಡೋಣ."