ಜಿಗ್ನಾಳ ಒಂದು ವರ್ಷ

ಜಿಗ್ನಾ ನಕ್ಕರೆ ಮೂರನೇ ಮಹಡಿಯವರೆಗೆ ಕೇಳುತ್ತಿತ್ತು. ಸೂರತ್ತಿನಲ್ಲಿ ನಾವು ಮೂರನೇ ಮಹಡಿ, ಅವರು ಮೊದಲನೆಯದು. ನಡುವಿನ ಮನೆಯ ಟಿವಿ, ಮಿಕ್ಸಿ, ಗಂಡ ಹೆಂಡಿರ ಜಗಳ ಎಲ್ಲವನ್ನೂ ದಾಟಿಕೊಂಡು ಆ ನಗು ನನ್ನ ಅಡುಗೆಮನೆಯ ಕಿಟಕಿಗೆ ಬರುತ್ತಿತ್ತು. ಹಾಸನದಿಂದ ಬಂದಾಗಲೆಲ್ಲ ನಮ್ಮತ್ತೆ "ಹೆಣ್ಣುಹುಡುಗಿ ಹಿಂಗಾ ನಗೋದು?" ಎಂದು ಗೊಣಗುವರು. ಆಮೇಲೆ ತಾವೂ ನಗುವರು.

ಇಪ್ಪತ್ತಾರು ವರ್ಷದ ಹುಡುಗಿ. ವಡೋದರಾದಲ್ಲಿ ಓದಿ ಬಂದು ಸೀರೆ ಮಿಲ್ಲೊಂದರಲ್ಲಿ ಡಿಸೈನ್ ಮಾಡುತ್ತಿದ್ದಳು. ನಮ್ಮ ಯಜಮಾನರಿಗೆ ಇನ್ಶೂರೆನ್ಸ್ ಕೆಲಸದಲ್ಲಿ ಸೂರತ್ತಿಗೆ ವರ್ಗವಾದಾಗ ನನಗೆ "ಕೇಮ್ ಛೋ" ಬಿಟ್ಟರೆ ಗುಜರಾತಿಯ ಒಂದು ಮಾತೂ ಬಾರದು. ತರಕಾರಿ ಗಾಡಿಯವನ ಜೊತೆ ಜಗಳವಾಡುವಷ್ಟು ಭಾಷೆ ಕಲಿಸಿದವಳು ಅವಳೇ. ಬದಲಿಗೆ ನನ್ನ ಸಾಂಬಾರು ಬೇಕು. ಅವರು ಜೈನರು, ಮಣ್ಣಿನೊಳಗೆ ಬೆಳೆಯುವುದನ್ನು ತಿನ್ನರು. "ಶಾರದಾಬೆನ್, ಈರುಳ್ಳಿ ಬೇಡ, ಆಲೂಗಡ್ಡೆ ಬೇಡ, ಬಾಳೆಕಾಯಿ ಹಾಕಿ ನೋಡಿ" ಎಂದಳು. ಹಾಕಿದೆ. ಇವತ್ತಿಗೂ ನಮ್ಮ ಮನೆಯಲ್ಲಿ ಅದಕ್ಕೆ ಜಿಗ್ನಾ ಸಾಂಬಾರು ಅಂತಲೇ ಹೆಸರು.

ಅವರ ಸಾಧ್ವಿಯರು ಭಿಕ್ಷೆಗೆ ಬಂದರೆ ನಮ್ಮ ಮನೆಗೂ ಕರೆತರುವಳು. ಅದಕ್ಕೆ ಮುಂಚೆ ನನಗೆ ಪಾಠ. "ಅವರಿಗೋಸ್ಕರ ಅಂತ ಏನೂ ಮಾಡಬಾರದು, ಮನೇಲಿ ಇರೋದನ್ನೇ ಕೊಡಬೇಕು. ಅವರು ಒಳಗೆ ಬಂದ ಮೇಲೆ ಗ್ಯಾಸ್ ಮುಟ್ಟಬೇಡಿ, ಫ್ರಿಜ್ ತೆಗೀಬೇಡಿ, ಲೈಟ್ ಹಾಕಬೇಡಿ. ಬೆಂಕಿಯಲ್ಲೂ ಬೆಳಕಿನಲ್ಲೂ ಜೀವ ಇದೆ ಅಂತ ನಮ್ಮವರು ನಂಬ್ತಾರೆ. ನೀವು ಸ್ವಿಚ್ ಒತ್ತಿದ್ರೋ, ಏನೂ ತಗೊಳ್ಳದೆ ಹೋಗಿಬಿಡ್ತಾರೆ." ನಾನು ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದೆ. ಅವಳು ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದಳು.

ಇಂಥವಳು ಒಂದು ದಿನ ತಾನೂ ಸಾಧ್ವಿಯಾಗುತ್ತೇನೆ ಎಂದಳು. ಕಡಲೆಹಿಟ್ಟಿನ ಖಮಣ್ ತಿನ್ನುತ್ತಾ ಹೇಳಿದಳು, ಬಾಯಲ್ಲಿ ಇನ್ನೂ ತುಂಡಿತ್ತು.

"ಯಾಕೇ?" ಎಂದೆ.

"ವಡೋದರಾದಿಂದ ಭರೂಚಿನವರೆಗೆ ಸಾಧ್ವೀಜಿಯವರ ಜೊತೆ ಐದು ದಿನ ನಡೆದೆನಲ್ಲ? ಬರಿಗಾಲು, ಹೆಗಲಿಗೆ ಎರಡು ಬಟ್ಟೆ. ಅಷ್ಟು ಖುಷಿಯಾಗಿ ನಾನು ಯಾವತ್ತೂ ಇರಲಿಲ್ಲ. ಮನೆಗೆ ಬಂದು ಬೀರು ತೆಗೆದೆ, ನನ್ನ ಬಟ್ಟೆಗಳನ್ನು ನೋಡಿಯೇ ಸುಸ್ತಾಯ್ತು."

"ಅಷ್ಟೇನಾ?"

"ಅಷ್ಟೇ. ನೀವು ಮದುವೆಯಾದಾಗ ಯಾಕೆ ಅಂತ ಯಾರಾದರೂ ಕೇಳಿದ್ರಾ?"

ನನಗೆ ಸಮಾಧಾನವಾಗಲಿಲ್ಲ. ಖುಷಿಗೆ ಯಾರಾದರೂ ತಲೆ ಬೋಳಿಸಿಕೊಳ್ಳುತ್ತಾರೆಯೇ? ಏನೋ ಇರಲೇಬೇಕು ಅನ್ನಿಸಿತು. ಒಂದು ಸಲ ಅವಳು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಾ ಕಣ್ಣೊರೆಸಿಕೊಂಡದ್ದನ್ನು ನೋಡಿದ್ದೆ. ಅದಕ್ಕೆ ಸ್ವಲ್ಪ ಮುಂಚೆ ವಡೋದರಾದಲ್ಲಿ ತನ್ನ ಜೊತೆ ಓದಿದ ಹುಡುಗನೊಬ್ಬನ ಮದುವೆಗೆ ಹೋಗಿಬಂದಿದ್ದಳು. ನನಗೆ ಇಷ್ಟು ಸಾಕಾಯಿತು. ನಮ್ಮ ಕನ್ನಡದವರೆಲ್ಲ ಸೇರಿದ್ದ ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುತ್ತಾ "ಪಾಪ, ಪ್ರೀತಿಸಿದ ಹುಡುಗ ಕೈಕೊಟ್ಟನಂತೆ, ಅದಕ್ಕೇ ಸನ್ಯಾಸ" ಎಂದೆ. ಕೇಳಿದವರು "ಹೌದಾ!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನನಗೋ ದೊಡ್ಡ ಗುಟ್ಟು ಬಲ್ಲವಳ ಗತ್ತು. ಮರುವಾರ ನಮ್ಮ ಕಟ್ಟಡದ ಇನ್ನೊಬ್ಬಾಕೆಗೂ ಅದನ್ನೇ ಹೇಳಿದೆ, ಗುಜರಾತಿಯಲ್ಲಿ. ಜಿಗ್ನಾ ಕಲಿಸಿದ ಗುಜರಾತಿಯಲ್ಲಿ.

ಮಾತು ಅವಳ ಅಪ್ಪ ಹಸ್ಮುಖ್‌ಭಾಯ್ ಕಿವಿಗೆ ಬಿತ್ತು. ಮನೆಯವರು ಒಪ್ಪದೆ ದೀಕ್ಷೆ ಕೊಡುವುದಿಲ್ಲ. ಅವರು ಆ ಹೊತ್ತಿಗೆ ಹೆಚ್ಚುಕಮ್ಮಿ ಒಪ್ಪಿದ್ದರು. ಈಗ ತಿರುಗಿಬಿದ್ದರು. "ಯಾವನೋ ಕೈಕೊಟ್ಟ ದುಃಖಕ್ಕೆ ಓಡಿಹೋಗುವವಳನ್ನು ನಾನು ಕಳಿಸಲಾರೆ. ಒಂದು ವರ್ಷ ಮನೆಯಲ್ಲಿರು. ಹುಡುಗರನ್ನು ನೋಡು. ಆಮೇಲೂ ಬೇಕು ಅಂದರೆ ಹೋಗು."

ಅವಳು ಮೇಲೆ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. "ಶಾರದಾಬೆನ್, ಆ ಹುಡುಗನ ಹೆಸರೇನು? ನನಗಾದರೂ ಗೊತ್ತಿರಬೇಕಲ್ಲ."

"ಅಯ್ಯೋ, ನನಗೇನು ಗೊತ್ತಮ್ಮ? ನಾನು ಯಾರಿಗೆ ಹೇಳಲಿ?" ಎಂದೆ. ದೇವರ ಗೂಡಿನ ಮುಂದೆ ನಿಂತುಕೊಂಡೇ ಅಂದೆ.

ನನ್ನ ಮುಖ ನೋಡಿದಳು. "ಆಯ್ತು" ಎಂದು ಇಳಿದುಹೋದಳು.

ಅಪ್ಪ ಒಪ್ಪುವವರೆಗೆ ಸಿಹಿ, ತುಪ್ಪ, ಎಣ್ಣೆ ಯಾವುದನ್ನೂ ಮುಟ್ಟುವುದಿಲ್ಲವೆಂದು ನೇಮ ಹಿಡಿದಳು. ಖಮಣಿಗಾಗಿ ಪ್ರಾಣ ಬಿಡುತ್ತಿದ್ದ ಹುಡುಗಿ ಒಣ ರೊಟ್ಟಿ, ಬೇಯಿಸಿದ ಬೇಳೆ ತಿಂದುಕೊಂಡಿದ್ದಳು. ಹುಡುಗರು ನೋಡಲು ಬಂದರು, ಚಹಾ ತಂದುಕೊಟ್ಟಳು, ಎಲ್ಲರಿಗೂ ಬೇಡ ಎಂದಳು. ನನ್ನ ಕಿಟಕಿಗೆ ನಗು ಬರುವುದು ನಿಂತಿತು. ಎರಡು ಮಹಡಿ ಇಳಿದು "ಅದು ನಾನು ಕಟ್ಟಿದ ಕತೆ, ಹಸ್ಮುಖ್‌ಭಾಯ್" ಎನ್ನಲು ಎಷ್ಟು ಹೊತ್ತು ಬೇಕು? ಎರಡು ನಿಮಿಷ. ತರಕಾರಿಗೆ ಇಳಿದೆ, ವಾಕಿಂಗಿಗೆ ಇಳಿದೆ, ಅವರ ಬಾಗಿಲು ತೆರೆದಿದ್ದರೆ ಚಪ್ಪಲಿ ಸದ್ದಾಗದಂತೆ ದಾಟಿಕೊಂಡು ಹೋದೆ. ವರ್ಷಪೂರ್ತಿ ಹೀಗೇ. ಥೂ, ನನ್ನ ಜನ್ಮಕ್ಕಿಷ್ಟು!

ವರ್ಷ ತುಂಬಿತು, ಅವಳಪ್ಪ ಒಪ್ಪಿದರು. ದೀಕ್ಷೆಗೆ ಮುಂಚೆ ಎಲ್ಲರ ಕ್ಷಮೆ ಕೇಳುವುದು ಅವರ ಪದ್ಧತಿ. ಮದರಂಗಿ ಹಚ್ಚಿದ ಕೈ ಮುಗಿದು ನನ್ನೆದುರೂ ನಿಂತಳು. "ಮನಸ್ಸಿನಿಂದ, ಮಾತಿನಿಂದ, ಮೈಯಿಂದ ನಿಮಗೆ ನೋವು ಮಾಡಿದ್ದರೆ ಕ್ಷಮಿಸಿ, ಶಾರದಾಬೆನ್."

ಕೇಳಬೇಕಾದವಳು ನಾನು. "ಒಳ್ಳೇದಾಗಲಿ" ಎಂದು ಭಾರಿ ದೊಡ್ಡವಳ ಹಾಗೆ ಅವಳ ತಲೆ ಸವರಿದೆ. ಮರುದಿನ ಆ ಕೂದಲು ಇರಲಿಲ್ಲ.

ಆಮೇಲೆ ನಮಗೆ ಅಹಮದಾಬಾದಿಗೆ ವರ್ಗವಾಯಿತು, ಬೋಡಕ್‌ದೇವ್‌ನಲ್ಲಿ ಮನೆ. ಕಳೆದ ಚಳಿಗಾಲದಲ್ಲಿ ಒಂದು ದಿನ ಹನ್ನೊಂದು ಗಂಟೆ ಹೊತ್ತಿಗೆ ಬಾಗಿಲಲ್ಲಿ "ಧರ್ಮಲಾಭ್" ಎಂದು ಹರಸುವ ದನಿ ಕೇಳಿತು. ಬಿಳಿ ಬಟ್ಟೆಯ ಇಬ್ಬರು ಸಾಧ್ವಿಯರು, ಪಕ್ಕದ ಮನೆಯವರು ದಾರಿ ತೋರಿಸಿದ್ದರು. ಹಿಂದೆ ನಿಂತಿದ್ದವಳು ಜಿಗ್ನಾ. ಬಡವಾಗಿದ್ದಳು, ಕಪ್ಪಾಗಿದ್ದಳು, ಹಿಮ್ಮಡಿ ಒಡೆದಿತ್ತು. ಮುಖ ಮಾತ್ರ ಖಮಣ್ ತಿನ್ನುತ್ತಾ ಆ ಮಾತು ಹೇಳಿದ ದಿನದ ಮುಖ. ಅವಳು ಹೇಳಿದ್ದು ನಿಜವಾಗಿತ್ತು. ಅವಳು ಖುಷಿಯಾಗಿದ್ದಳು.

ಒಲೆಯ ಪಕ್ಕದಲ್ಲಿ ಸಾಂಬಾರಿತ್ತು. ಬಾಳೆಕಾಯಿಯದೇ, ಅವಳದೇ! ಇವತ್ತು ಬಡಿಸುತ್ತೇನೆ, ಬಡಿಸುತ್ತಾ ಎಲ್ಲವನ್ನೂ ಹೇಳಿಬಿಡುತ್ತೇನೆ ಅಂದುಕೊಂಡು ಒಳಗೆ ಓಡಿದೆ. ನಮ್ಮ ಅಡುಗೆಮನೆಗೆ ಬೆಳಕು ಕಡಿಮೆ. ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು.

ಹಿರಿಯ ಸಾಧ್ವಿ ಭಿಕ್ಷಾಪಾತ್ರೆಯ ಮೇಲೆ ಬಟ್ಟೆ ಎಳೆದುಕೊಂಡರು. "ಇರಲಿ ಬೆನ್, ಕೊಡಬೇಕು ಅಂದುಕೊಂಡಿರಲ್ಲ, ಅಷ್ಟು ಸಾಕು" ಎಂದಳು ಜಿಗ್ನಾ, ಮೆಲ್ಲಗೆ. ಮತ್ತೊಮ್ಮೆ "ಧರ್ಮಲಾಭ್" ಎಂದು ಇಬ್ಬರೂ ಮೆಟ್ಟಿಲಿಳಿದರು. ನಾನು ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಬರಿಗಾಲಿನವರು ಇಳಿಯುವ ಸದ್ದೂ ಕೇಳಲಿಲ್ಲ.

ಅವತ್ತು ಮಧ್ಯಾಹ್ನವೇ ಸೂರತ್ತಿಗೆ ಫೋನ್ ಮಾಡಿದೆ. "ಹಸ್ಮುಖ್‌ಭಾಯ್, ಆ ಹುಡುಗನ ಕತೆ ಕಟ್ಟಿದವಳು ನಾನು. ಅಂಥವನು ಯಾರೂ ಇರಲಿಲ್ಲ. ನನ್ನಿಂದ ಒಂದು ವರ್ಷ ಹಾಳಾಯಿತು" ಎಂದೆ.

"ಹಾಳಾಯಿತಾ?" ಎಂದರು. "ಆ ಒಂದು ವರ್ಷ ಮಗಳು ದಿನಾ ನಮ್ಮೆದುರು ಕೂತು ಊಟ ಮಾಡಿದಳು, ಬೆನ್. ಅವಳ ಅಮ್ಮ ಈಗಲೂ ಆ ವರ್ಷದ ಮಾತೇ ಆಡ್ತಾಳೆ. ನಿಮಗೆ ಏನನ್ನಲಿ ನಾನು? ಬೈಯೋಕೆ ಬಾಯಿ ಬರ್ತಾ ಇಲ್ಲ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ." ದನಿ ಒಡೆದು ಫೋನಿಟ್ಟರು.

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಜಿಗ್ನಾಳಿಂದ ನಾನು ಕದ್ದ ವರ್ಷಕ್ಕೆ ಅವಳಪ್ಪ ನನ್ನನ್ನು ಹರಸಿದ್ದಾರೆ. ಹೋಗಿ ಅವಳ ಕಾಲಿಗೆ ಬಿದ್ದು ಹೇಳೋಣವೆಂದರೆ, ಇವತ್ತು ಯಾವ ಊರಿನ ದಾರಿಯಲ್ಲಿ ನಡೆಯುತ್ತಿದ್ದಾಳೋ ನನಗೆ ತಿಳಿಯದು.