ಆಫ್ ಸ್ಟಂಪ್‌ನಾಚೆಯ ಬಾಲು

ಇವತ್ತು ಟಿವಿಯಲ್ಲಿ ಟೆಸ್ಟ್ ಮ್ಯಾಚ್ ನೋಡ್ತಿದ್ವಿ. ನಮ್ಮ ಓಪನರ್ ಆಫ್ ಸ್ಟಂಪ್‌ನಿಂದ ಎಷ್ಟೋ ಆಚೆ ಹೋಗ್ತಿದ್ದ ಬಾಲಿಗೆ ಬ್ಯಾಟ್ ಚಾಚಿ ಸ್ಲಿಪ್‌ನಲ್ಲಿ ಕ್ಯಾಚ್ ಕೊಟ್ಟ. ಸೋಫಾದಲ್ಲಿದ್ದ ಅಪ್ಪ ಅಂದ್ರು, "ಬಿಡಬೇಕಿತ್ತು."

ಆ ದನಿ ಕೇಳಿದ್ದೇ ತಡ, ಗಿರಿನಗರದ ಹಳೇ ಮನೆಯ ಅಂಗಳ ಕಣ್ಮುಂದೆ ಬಂತು. ಸಜ್ಜೆಯ ಕೊಕ್ಕೆಗೆ ಅಪ್ಪನ ಹಳೇ ಸಾಕ್ಸ್, ಅದರೊಳಗೆ ಬಾಲು. ನೆಲದ ಮೇಲೆ ಇಟ್ಟಿಗೆ ಚೂರಲ್ಲಿ ಎಳೆದ ಕೆಂಪು ಗೆರೆಯೇ ನನ್ನ ಆಫ್ ಸ್ಟಂಪ್. ಅಪ್ಪ ಒಂದು ಕೈಯಲ್ಲಿ ಕಾಫಿ ಲೋಟ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಬಾಲನ್ನ ತೂಗಿಬಿಡೋರು. ಗೆರೆಯಾಚೆ ಬಂದದ್ದಕ್ಕೆ ಬ್ಯಾಟ್ ತಾಗಿದ್ರೆ ಕಿವಿ ಹಿಂಡೋರು. "ಓಪನರ್ ಆಗೋನು ಮೊದಲು ಬಿಡೋದು ಕಲೀಬೇಕು ಕಣೋ." ಪಕ್ಕದ ರಸ್ತೆಯ ಹುಡುಗರು ಸಿಕ್ಸರ್ ಹೊಡೆದು ಕೂಗಾಡ್ತಿದ್ರೆ, ನಾನು ಬ್ಯಾಟೆತ್ತಿ ಸುಮ್ಮನೆ ನಿಲ್ಲೋದನ್ನ ಕಲೀತಿದ್ದೆ.

ಕ್ಲಬ್ ಸೆಲೆಕ್ಷನ್‌ನಲ್ಲಿ ಒಬ್ಬೊಬ್ಬರಿಗೆ ಒಂದೇ ಓವರ್. ನನಗೆ ಬಿದ್ದ ಬಾಲೆಲ್ಲ ಆಫ್ ಸ್ಟಂಪ್‌ನಾಚೆ. ಎಲ್ಲವನ್ನೂ ಕಲಿತ ಹಾಗೇ ಬಿಟ್ಟೆ. "ನೆಕ್ಸ್ಟ್" ಅಂದ್ರು ಕೋಚ್. ಹೊರಗೆ ನಿಂತು ನೋಡ್ತಿದ್ದ ಅಪ್ಪನಾದ್ರೂ ಮೆಚ್ಚಿಕೊಳ್ತಾರೆ ಅಂದ್ಕೊಂಡು ಹೋಗಿ ಅವರ ಸ್ಕೂಟರ್ ಹತ್ತಿದೆ. ಬನಶಂಕರಿ ದಾಟ್ತಿದ್ದ ಹಾಗೆ ಅಪ್ಪ ಅಂದ್ರು, "ಒಂದಾದ್ರೂ ಹೊಡೀಬಾರ್ದಿತ್ತೇನೋ, ದಂಡಪಿಂಡ?"

ಮನೆಗೆ ಬಂದು ಬ್ಯಾಟನ್ನ ಅಟ್ಟಕ್ಕೆ ಎಸೆದೆ. ಮತ್ತೆ ಇಳಿಸಲಿಲ್ಲ.

ಈಗ ಓಪನರ್ ತಲೆ ತಗ್ಗಿಸಿ ಪೆವಿಲಿಯನ್‌ಗೆ ಹೋಗ್ತಿದ್ದ. ನನ್ನ ಮಗ ಕೇಳ್ದ, "ತಾತ, ಅಪ್ಪ ಚಿಕ್ಕವರಿದ್ದಾಗ ಕ್ರಿಕೆಟ್ ಆಡ್ತಿದ್ರಾ?"

"ಆಡ್ತಿದ್ದ," ಅಂದ್ರು ಅಪ್ಪ, ಟಿವಿಯಿಂದ ಕಣ್ಣು ತೆಗೀದೆ. "ಆದ್ರೆ ಹೊಡೆಯೋಕೆ ಹೆದರ್ತಿದ್ದ."