ಒಂಬತ್ತು ಹೊಲಿಗೆ, ನಾಲ್ಕು ಹೊಲಿಗೆ

ಆ ಬೆಳಿಗ್ಗೆ ದವಾಖಾನೆಯಲ್ಲಿ ಇದ್ದವರು ಮೂವರೇ. ನಾನು, ಊರೆಲ್ಲ ಚಾಚಾ ಎಂದು ಕರೆಯುತ್ತಿದ್ದ ವಯಸ್ಸಾದ ಕಂಪೌಂಡರು, ಮತ್ತು ಅಂಗಳ ಗುಡಿಸುತ್ತಿದ್ದ ಆಯಾ. ದೊಡ್ಡ ಡಾಕ್ಟರು ಯಾವುದೋ ಹಳೆಯ ಕೇಸಿನಲ್ಲಿ ಸಾಕ್ಷಿ ಹೇಳಲು ಬಾಗಲಕೋಟೆಗೆ ಹೋಗಿದ್ದರು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಮಗ್ಗುಲಿಗೆ, ಒಂದು ಊರಿನ ಎರಡು ಕೋಣೆಯ ದವಾಖಾನೆ ಅದು. ಒಂದು ಕೋಣೆ ಹೆರಿಗೆಗೆ, ಇನ್ನೊಂದು ಉಳಿದೆಲ್ಲದಕ್ಕೆ.

ನಾನು ಹುಟ್ಟಿ ಬೆಳೆದದ್ದು ಮೊಂಬಾಸಾದಲ್ಲಿ. ಇಳಕಲ್ಲಿನ ಕಡೆಯ ನನ್ನ ಅಜ್ಜ ರೈಲ್ವೆಯ ಗುಮಾಸ್ತನಾಗಿ ಹಡಗು ಹತ್ತಿ ಅಲ್ಲಿಗೆ ಹೋದವನು. ನನ್ನ ಕನ್ನಡವೆಲ್ಲ ಅಜ್ಜಿಯ ಬಾಯಿಂದ ಬಂದದ್ದು. ಅವಳ ಹರಕೆ, ಅವಳ ಬೈಗುಳ ಎರಡನ್ನೂ ಕಲಿತಿದ್ದೆ. ಎಂಬತ್ತರ ದಶಕದ ಮೊದಲಲ್ಲಿ ಹುಬ್ಬಳ್ಳಿಗೆ ಬಂದು ಡಾಕ್ಟರಿಕೆ ಓದಿದೆ. ಇಂಟರ್ನ್ ಆದ ಮೇಲೆ ಮೂರು ತಿಂಗಳು ಹಳ್ಳಿಯಲ್ಲಿ ಕೆಲಸ ಮಾಡಬೇಕೆಂದು ಇಲ್ಲಿಗೆ ಕಳಿಸಿದರು. ವಿಜಾಪುರದ ಪೊಲೀಸ್ ಕಚೇರಿಯ ರಿಜಿಸ್ಟರಿನಲ್ಲಿ ನಾನು ಪರದೇಶದವಳು. ಬಾಯಿ ತೆರೆದರೆ ಮಾತ್ರ ಇಲ್ಲಿಯ ಮುದುಕಿ.

“ಹುಡುಗಿ ಬಾಯಾಗ ಮುದುಕಿ ನಾಲಿಗಿ ಇಟ್ಟಾರ ನೋಡ್ರಿ,” ಎಂದು ಆಯಾ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಜೋಳದ ರೊಟ್ಟಿ ಒಂದು ವಾರದಲ್ಲಿ ಒಗ್ಗಿತು. ಕೆಂಪು ಖಾರಕ್ಕೆ ಇನ್ನೂ ಎರಡು ವಾರ ಬೇಕಾಯಿತು. ಒಂದು ಕೊಡ ನೀರಿನಲ್ಲಿ ಜಳಕ ಮುಗಿಸಿ ಅದರಲ್ಲೇ ಬಟ್ಟೆಯನ್ನೂ ಒಗೆದುಕೊಳ್ಳುವುದನ್ನು ಕಲಿತೆ. ಒಗ್ಗದೇ ಉಳಿದದ್ದು ರಕ್ತ. ಹುಬ್ಬಳ್ಳಿಯಲ್ಲಿ ನಾನು ಕಂಡ ಗಾಯಗಳು ಲಾರಿಯವು, ಗಿರಣಿಯವು. ಇಲ್ಲಿಯ ಗಾಯಗಳಿಗೆ ಸಂಬಂಧಗಳಿದ್ದವು: ಅಣ್ಣ ಮಾಡಿದ್ದು, ಭಾವ ಮಾಡಿದ್ದು, ಮಗ್ಗುಲ ಹೊಲದವನು ಮಾಡಿದ್ದು. ಕೊಡಲಿ, ಕುಡಗೋಲು, ಬಡಿಗೆ, ಹಲ್ಲು. ಅತ್ತೆಯ ಕಿವಿಯನ್ನು ಓಲೆಯ ಸಮೇತ ಕಚ್ಚಿ ಹರಿದ ಸೊಸೆಯೊಬ್ಬಳು ಆ ಕಿವಿಯ ತುಂಡನ್ನು ತಾನೇ ಎಲೆಯಲ್ಲಿ ಸುತ್ತಿಕೊಂಡು ಬಂದು, “ಇದನ್ನ ಹಚ್ಚಿ ಕೊಡ್ರಿ, ಮನಿಯಾಗ ಇನ್ನ ಹಪ್ಪಳಾ ಮಾಡೂದೈತಿ” ಅಂದಿದ್ದಳು. ಮಾಡಿದವರೂ ಮಾಡಿಸಿಕೊಂಡವರೂ ಜೊತೆಗೇ ಏಕೆ ಬರುತ್ತಾರೆಂದು ನನಗೆ ತಿಳಿಯುತ್ತಲೇ ಇರಲಿಲ್ಲ.

ಅವತ್ತು ಎರಡು ಚಕ್ಕಡಿಗಳು ಬಂದು ನಿಂತವು. ಒಂದರಲ್ಲಿ ಅಣ್ಣ, ಇನ್ನೊಂದರಲ್ಲಿ ತಮ್ಮ. ಹಿಂದೆ ಎರಡೂ ಕಡೆಯ ಮೂವತ್ತು ಮಂದಿ, ದಾರಿಯುದ್ದಕ್ಕೂ ಒಬ್ಬರ ಮೇಲೊಬ್ಬರು ಉಗುಳುತ್ತ ಬಂದವರು. ಇಬ್ಬರ ಹೊಲಗಳ ನಡುವಿನ ಬದುವಿನ ಮೇಲೆ ಒಂದು ಬೇವಿನ ಗಿಡ. ಅದರ ಟೊಂಗೆಯನ್ನು ತಮ್ಮ ಕೊಡಲಿಯಿಂದ ಕಡಿದ. ಅಣ್ಣ ಬೈದ. ತಮ್ಮ ಕಲ್ಲೆತ್ತಿ ಅಣ್ಣನ ಹಣೆ ಒಡೆದ. ಅಣ್ಣ ಅದೇ ಕೊಡಲಿಯನ್ನು ಕಸಿದುಕೊಂಡು ತಮ್ಮನ ಕಾಲಿನ ಮೀನಖಂಡ ಸೀಳಿದ.

ಹೆರಿಗೆಯದನ್ನು ಬಿಟ್ಟರೆ ಕೋಣೆ ಒಂದೇ ಆದ್ದರಿಂದ ಇಬ್ಬರನ್ನೂ ಎದುರುಬದುರು ಬೆಂಚುಗಳ ಮೇಲೆ ಮಲಗಿಸಿದೆವು.

“ಆ ಗಿಡಾ ನಮ್ಮಪ್ಪ ಹಚ್ಚಿದ್ದು,” ತಮ್ಮ ಹಲ್ಲು ಕಡಿದ. “ನಿಮ್ಮಪ್ಪ ಹಚ್ಚಿದ್ದೇನಲೇ?”

“ನಿಮ್ಮಪ್ಪ ನಮ್ಮಪ್ಪ ಒಬ್ಬನ ಅಲ್ಲೇನಲೇ ಖೋಡಿ!” ಅಣ್ಣ ಎದ್ದು ಕುಳಿತ. ಹಣೆಯ ರಕ್ತ ಅವನ ಬಾಯಿಗೆ ಇಳಿಯುತ್ತಿತ್ತು, ಉಗುಳಿದ.

“ಹೆಣಾ ಎತ್ಲಿ ನಿಮ್ಮ, ಸುಮ್ನ ಬೀಳ್ರಿ ಇಬ್ರೂ!” ಎಂದೆ ನಾನು. ಅಜ್ಜಿಯ ಮಾತಿಗೆ ಇಬ್ಬರೂ ತೆಪ್ಪಗಾದರು.

ಅಣ್ಣನದು ಮುಖದ ಗಾಯ. ಕಲೆ ಉಳಿಯಬಾರದೆಂದು ಸಣ್ಣ ದಾರ ತೆಗೆದು ಹತ್ತಿರ ಹತ್ತಿರ ಹೊಲಿದೆ. ಒಂಬತ್ತು ಹೊಲಿಗೆ. ತಮ್ಮನ ಕಾಲಿನ ಗಾಯದಲ್ಲಿ ಮಣ್ಣಿತ್ತು. ತೊಳೆದು, ಒಳಗಿನ ಕೊಳೆ ಹೊರಗೆ ಬರಲೆಂದು ಅಂತರ ಬಿಟ್ಟು ದಪ್ಪ ದಾರದಲ್ಲಿ ನಾಲ್ಕು ಹಾಕಿದೆ. ನಾಲ್ಕನೆಯದರ ಗಂಟು ಬಿಗಿಯುವಾಗ ಬಾಗಿಲಲ್ಲಿ ಚಾಚಾ ಕೆಮ್ಮಿದರು. ಮತ್ತೆ ಕೆಮ್ಮಿದರು. ಬೀಡಿಯ ಕೆಮ್ಮು ಎಂದುಕೊಂಡೆ. ಓದಿದ್ದನ್ನು ಓದಿದ ಹಾಗೆ ಮಾಡಿದ್ದೇನೆಂಬ ಹೆಮ್ಮೆಯೂ ಆ ಹೊತ್ತಿನಲ್ಲಿ ನನಗಿತ್ತು, ಸುಳ್ಳೇಕೆ ಹೇಳಲಿ.

ಕಿಟಕಿಯಲ್ಲಿ ಇಣುಕುತ್ತಿದ್ದ ಅಣ್ಣನ ಕಡೆಯವನೊಬ್ಬ ಅಂಗಳಕ್ಕೆ ಓಡಿ ಕೂಗಿದ: “ನಮಗ ಒಂಬತ್ತು! ಅವರಿಗೆ ನಾಕ!”

ಮುಂದಿನ ಕ್ಷಣ ಕಿಟಕಿಯ ಗಾಜು ಒಳಗೆ ಬಂದು ಬಿತ್ತು. ಇನ್ನೊಂದು ಕಲ್ಲು ಔಷಧದ ಕಪಾಟಿಗೆ ತಾಗಿ ಟಿಂಚರ್ ಬಾಟಲಿ ಒಡೆದು ಗೋಡೆಯೆಲ್ಲ ಕೆಂಪಾಯಿತು. ಅಂಗಳದಲ್ಲಿ ಬಡಿಗೆಗಳು ಮೈಗೆ ಬೀಳುವ ಸದ್ದು, ಹೆಂಗಸರ ಕಿರುಚಾಟ. ಒಳನುಗ್ಗಿದವನೊಬ್ಬ ಚಾಚಾರ ಕೊರಳಪಟ್ಟಿಗೆ ಕೈಹಾಕಿ ಗೋಡೆಗೆ ಅಪ್ಪಳಿಸಿದ. ಆಯಾ ಕಸಬರಿಗೆಯಿಂದಲೇ ಅವನ ಮುಖಕ್ಕೆ ಬಾರಿಸಿ ಬಿಡಿಸಿದಳು.

ಚಾಚಾ ನನ್ನನ್ನು ಕಪಾಟಿನ ಹಿಂದಕ್ಕೆ ಎಳೆದರು. ತುಟಿ ಒಡೆದಿತ್ತು. “ಡಾಕ್ಟರ್ ಬಾಯಾರ, ಕೋರ್ಟಿನ್ಯಾಗ ಹೊಲಿಗಿ ಎಣಸ್ತಾರ ಅಂತ ಈ ಮಂದಿ ತಿಳಕೊಂಡಾರ. ಯಾರಿಗೆ ಹೆಚ್ಚು ಬಿದ್ದಾವೋ ಅವರ ಗೆದ್ದಂಗ. ಅದಕ್ಕ ಇಷ್ಟು ವರ್ಷ ನಾ ಸರಿಸಮ ಹಾಕಸ್ಕೋತ ಬಂದೇನಿ. ಒಬ್ಬಗ ಆರಾದ್ರ ಇನ್ನೊಬ್ಬಗೂ ಆರು. ಅಷ್ಟು ಕೆಮ್ಮಿದ್ನೆಲ್ಲ, ತಿಳೀಲಿಲ್ಲೇನ?”

ತಿಳಿದಿರಲಿಲ್ಲ. ಆ ಊರಿನ ಎಲ್ಲರಿಗೂ ಗೊತ್ತಿದ್ದ ಆ ಲೆಕ್ಕ ನನಗೊಬ್ಬಳಿಗೆ ಗೊತ್ತಿರಲಿಲ್ಲ.

ತಮ್ಮ ಬೆಂಚಿನಿಂದ ಇಳಿದು ಕುಂಟುತ್ತ ಪಡಸಾಲೆಗೆ ನಡೆದ. ನಾನು ಹಿಂದೆ ಓಡಿದೆ. ಅವನನ್ನು ಕಂಡು ಅಂಗಳದ ಬಡಿದಾಟ ನಿಂತಿತು.

“ಒಂಬತ್ತರ ಕಾಗದಾ ಹಿಡಕೊಂಡು ಅಂವ ಮನಿಗೆ ಹೋಗ್ತಾನ,” ಅಂದ ತಮ್ಮ ಸಮಾಧಾನದಿಂದಲೇ. “ನಾ ನಾಕ ಇಟಗೊಂಡು ಜೈಲಿಗೆ ಹೋಗ್ತೇನಿ. ಹೌದಲ್ರಿ ಬಾಯಾರ?”

“ಅಲ್ಲೋ ತಮ್ಮಾ, ಮಾರಿ ಮ್ಯಾಲಿನ ಗಾಯಾ ಬ್ಯಾರೆ, ಕಾಲಿಂದು ಬ್ಯಾರೆ.”

“ಇನ್ನ ಐದು ಹಾಕ್ರಿ.”

“ಗಾಯಾನ ಇಲ್ಲಂದ್ರ ಎಲ್ಲಿ ಹಾಕ್ಲಿ?” ಎಂದುಬಿಟ್ಟೆ.

ಆ ಮಾತನ್ನು ಇವತ್ತಿಗೂ ನುಂಗಲಾಗಿಲ್ಲ. ಅವನು ಸುತ್ತ ನೋಡಿದ. ಬಾಗಿಲು ಮುಚ್ಚದಿರಲೆಂದು ಆನಿಸಿಟ್ಟಿದ್ದ ಬಾದಾಮಿಯ ಕೆಂಪು ಕಲ್ಲು ಕಾಲ ಬಳಿಯಲ್ಲಿತ್ತು. “ಗಾಯಾ ಬೇಕೇನ್ರಿ? ತಗೋರಿ,” ಎಂದು ಎರಡೂ ಕೈಯಿಂದ ಅದನ್ನೆತ್ತಿ ತನ್ನ ತಲೆಗೆ ತಾನೇ ಹೊಡೆದುಕೊಂಡ. ಚಾಚಾ ಜಿಗಿಯುವಷ್ಟರಲ್ಲಿ ಇನ್ನೊಮ್ಮೆ. ಎರಡನೆಯ ಏಟಿನ ಸದ್ದು ಬೇರೆ ಥರ ಇತ್ತು. ಅವನು ನೆಲಕ್ಕುರುಳಿದ. ತಲೆ ಮುಟ್ಟಿದಾಗ ಎಡ ನೆತ್ತಿಯ ಮೂಳೆ ಒಳಗೆ ಕುಸಿದದ್ದು ನನ್ನ ಬೆರಳಿಗೆ ತಿಳಿಯಿತು. ಒಂದು ಕಣ್ಣಿನ ಪಾಪೆ ಹಿಗ್ಗತೊಡಗಿತ್ತು. ಅವನ ಹೆಂಡತಿ ನೆಲದ ಮೇಲೆ ಕುಳಿತು ಗಂಡನ ತಲೆಯ ರಕ್ತವನ್ನು ಸೆರಗಿನಿಂದ ಒಳಕ್ಕೆ ಒತ್ತುತ್ತಿದ್ದಳು.

“ಈಗಿಂದೀಗ ಬಾಗಲಕೋಟಿಗೆ ಒಯ್ಯಬೇಕು. ಇಲ್ಲಾಂದ್ರ ಉಳಿಯೂದಿಲ್ಲ,” ಎಂದೆ.

ಅವನ ಕಡೆಯ ಹದಿನೈದು ಮಂದಿ ಮರದ ಹಾಗೆ ನಿಂತಿದ್ದರು. ಜನರನ್ನು ನೂಕಿಕೊಂಡು ಹೊರಬಂದವನು ಅಣ್ಣ. ತಮ್ಮನನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡಿದ. ಆ ಬಿಗುವಿಗೆ ನಾನು ಹಾಕಿದ ಹೊಲಿಗೆಗಳು ಹರಿದು ಅವನ ಹಣೆ ಮತ್ತೆ ತೆರೆದುಕೊಂಡಿತು. ಇಳಕಲ್ಲಿನಿಂದ ಬರುತ್ತಿದ್ದ ಬಸ್ಸಿಗೆ ಅಡ್ಡ ನಿಂತ. ಡ್ರೈವರ್ ಬ್ರೇಕ್ ಒತ್ತಿ, “ಸಾಯಬೇಕಂತ ಬಂದೀಯೇನಲೇ?” ಎಂದು ಕೂಗಿ, ಹೆಗಲ ಮೇಲಿದ್ದುದನ್ನು ಕಂಡು ತಾನೇ ಕೆಳಗಿಳಿದು ತಮ್ಮನ ಕಾಲು ಹಿಡಿದು ಒಳಗೆ ಏರಿಸಿದ.

ಹಿಂದಿನ ಸೀಟನ್ನು ಬಿಟ್ಟುಕೊಟ್ಟರು. ನಾನು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆ ಹಿಂದೆ ಬೀಳದಂತೆ ದವಡೆಯನ್ನು ಎತ್ತಿ ಹಿಡಿದೆ. ಕಮತಗಿಯ ಹತ್ತಿರ ವಾಂತಿಯಾಯಿತು, ಮಗ್ಗುಲಿಗೆ ಹೊರಳಿಸಿದೆವು. ಆಮೇಲೆ ಫಿಟ್ಸು. ಸೀಟಿನ ಕಬ್ಬಿಣಕ್ಕೆ ತಲೆ ಬಡಿಯಬಾರದೆಂದು ಅಣ್ಣ ನಡುವೆ ತನ್ನ ಕೈ ಕೊಟ್ಟ. ಬೆರಳ ಚರ್ಮ ಸುಲಿದುಹೋದರೂ ತೆಗೆಯಲಿಲ್ಲ.

“ನಾ ಹೊಡದು ಅಂವ ಸತ್ತಿದ್ರ ಜೈಲಿಗೆ ಹೋಗ್ತಿದ್ದೆ ಬಾಯಾರ,” ಅಂದ. “ತಾನ ಹೊಡಕೊಂಡ ಸತ್ರ ನಾ ಎಲ್ಲಿಗೆ ಹೋಗ್ಲಿ?”

ಅಜ್ಜಿ ಅದಕ್ಕೆ ಮಾತು ಕಲಿಸಿರಲಿಲ್ಲ. “ದವಡಿ ಹಿಡಿ,” ಎಂದೆ. ಹಿಡಿದ.

ಬಾಗಲಕೋಟೆಯ ಸರ್ಜನ್ ಒಬ್ಬರು ಮಧ್ಯಾಹ್ನವೇ ಕುಸಿದ ಮೂಳೆಯನ್ನು ಮೇಲೆತ್ತಿದರು. ಮೂರನೆಯ ದಿನ ಅವನು ಕಣ್ಣು ತೆರೆದು ಹೆಂಡತಿಯನ್ನು ನೀರು ಕೇಳಿದ. ಬಲಗೈ ಮಾತ್ರ ಮತ್ತೆ ಏಳಲಿಲ್ಲ. ಒಬ್ಬರ ಮೇಲೊಬ್ಬರು ಹಾಕಿದ್ದ ಕೇಸನ್ನು ಇಬ್ಬರೂ ವಾಪಸು ತೆಗೆದುಕೊಂಡರೆಂದು ಚಾಚಾ ಹೇಳಿದರು. ಆ ಹಿಂಗಾರಿಗೆ ಎರಡೂ ಹೊಲಗಳನ್ನು ಅಣ್ಣನೇ ಬಿತ್ತಿದ.